ದಿನನಿತ್ಯದ ಖರೀದಿಯ ಮೂಲಕ ಮಕ್ಕಳಿಗೆ ಹಣದ ನಿರ್ವಹಣೆ: ಪೋಷಕರ ತಿಳುವಳಿಕೆಗಾಗಿ

ಮನೆಗೆ ಬೇಕಾದ ಉಪ್ಪು, ಬೇಳೆ, ಹಾಲು, ತರಕಾರಿಗಳನ್ನು ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸುವುದು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ನಡೆದುಬಂದಿರುವ ರೂಢಿಯಾಗಿರುತ್ತದೆ. ಆದರೆ ಹೀಗೆ ಹೋಗಿ ಬರುವ ಮಗುವು ಬಹಳಷ್ಟು ಸಂದರ್ಭಗಳಲ್ಲಿ ಸಾಮಾನನ್ನು ಹೊತ್ತು ತರುವ ಕೆಲಸವನ್ನಷ್ಟೇ ಮಾಡುತ್ತದೆ. ಯಾವ ವಸ್ತು, ಯಾವ ಕಂಪನಿಯದು, ಎಷ್ಟು ಪ್ರಮಾಣ ಎಂಬುದೆಲ್ಲವೂ ಮನೆಯಲ್ಲಿಯೇ ತೀರ್ಮಾನವಾಗಿರುತ್ತದೆ. ಕೊಟ್ಟ ಹಣವನ್ನು ಅಂಗಡಿಯವರಿಗೆ ನೀಡಿ, ಅವರು ಕೊಟ್ಟ ಚಿಲ್ಲರೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಬಂದರೆ ಕೆಲಸ ಮುಗಿಯಿತು. ಇದರಿಂದ ಮಗುವಿಗೆ ದಾರಿ ಗೊತ್ತಾಗುತ್ತದೆಯೇ ವಿನಾ ಹಣದ ನಿರ್ವಹಣೆ ಗೊತ್ತಾಗುವುದಿಲ್ಲ.

ಹಣದ ನಿರ್ವಹಣೆ ಎಂದರೆ ಉಳಿತಾಯ ಮಾತ್ರವಲ್ಲ. ಕೈಯಲ್ಲಿರುವ ಮೊತ್ತಕ್ಕೆ ಮಿತಿಯಿದೆ, ಬೇಕಾದ ವಸ್ತುಗಳು ಆ ಮಿತಿಗಿಂತ ಹೆಚ್ಚಿವೆ, ಆದುದರಿಂದ ಯಾವುದನ್ನು ಕೊಳ್ಳಬೇಕು ಮತ್ತು ಯಾವುದನ್ನು ಬಿಡಬೇಕು ಎಂಬುದನ್ನು ನಿರ್ಧರಿಸುವುದೇ ಇದರ ಮುಖ್ಯ ಭಾಗ. ಈ ತೀರ್ಮಾನವನ್ನು ಮಗುವಿಗೆ ಬಿಟ್ಟುಕೊಡದ ಹೊರತು ಎಷ್ಟು ಬುದ್ಧಿಮಾತು ಹೇಳಿದರೂ ಪ್ರಯೋಜನ ಅಲ್ಪ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಅನೇಕ ಕುಟುಂಬಗಳಲ್ಲಿ ಪೊಟ್ಟಣದ ಮೇಲಿನ ಬೆಲೆ, ದಿನಾಂಕ, ನ್ಯಾಯಬೆಲೆ ಅಂಗಡಿಯ ಸೂಚನಾ ಫಲಕ, ಬ್ಯಾಂಕಿನ ಚೀಟಿ ಇವುಗಳನ್ನು ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳು ಮಾತ್ರ. ಅಂತಹ ಮನೆಗಳಲ್ಲಿ ಮಗುವಿನ ಎಚ್ಚರವೇ ಇಡೀ ಕುಟುಂಬದ ಎಚ್ಚರವಾಗಿರುತ್ತದೆ. ದಿನಗೂಲಿಯ ಮೇಲೆ ನಡೆಯುವ ಸಂಸಾರದಲ್ಲಿ ತೂಕದಲ್ಲಿ ಹೋದ 50 ಗ್ರಾಂ ಬೇಳೆ, ಚಿಲ್ಲರೆಯಲ್ಲಿ ಹೋದ 5 ರೂಪಾಯಿ ಸಣ್ಣ ವಿಷಯಗಳಲ್ಲ.

ನಾಣ್ಯ, ನೋಟು ಮತ್ತು ಚಿಲ್ಲರೆ

ಆರೇಳು ವರ್ಷದ ಮಗುವಿಗೆ ಮೊದಲ ಪಾಠವು ಮನೆಯಲ್ಲಿಯೇ ಆಗಬೇಕು. ಚಲಾವಣೆಯಲ್ಲಿರುವ ನಾಣ್ಯಗಳನ್ನು ಮುಂದಿಟ್ಟು ಗುರುತಿಸುವುದನ್ನು, ಒಂದೇ ಮೊತ್ತವನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸುವುದನ್ನು ಕಲಿಸಬಹುದು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿರುವುದಿಲ್ಲ. 50 ಪೈಸೆ ನಾಣ್ಯವು ಅಂಗಡಿಗಳಲ್ಲಿ ಅಪರೂಪವಾಗಿದ್ದರೂ ಕಾನೂನಿನ ಪ್ರಕಾರ ಇಂದಿಗೂ ಮಾನ್ಯವಾಗಿರುತ್ತದೆ. 10 ರೂಪಾಯಿ ನಾಣ್ಯದ ಬಗ್ಗೆ ಗಾಳಿಸುದ್ದಿ ಹರಡಿ ಕೆಲವು ಅಂಗಡಿಗಳಲ್ಲಿ ಅದನ್ನು ನಿರಾಕರಿಸುತ್ತಿದ್ದುದು ಉಂಟು. ಬೇರೆ ಬೇರೆ ಕಾಲದಲ್ಲಿ ಹೊರಬಂದ 14 ವಿನ್ಯಾಸಗಳ 10 ರೂಪಾಯಿ ನಾಣ್ಯಗಳೂ ಮಾನ್ಯವೆಂದು ಭಾರತೀಯ ರಿಸರ್ವ್ ಬ್ಯಾಂಕು 2018ರಲ್ಲಿಯೇ ಸ್ಪಷ್ಟಪಡಿಸಿದೆ. ನಾಣ್ಯವನ್ನು ತಿರಸ್ಕರಿಸಿದಾಗ ಮಗುವು ಸಪ್ಪೆ ಮೋರೆ ಹಾಕಿಕೊಂಡು ಹಿಂದಿರುಗದೆ, ಇದು ಚಲಾವಣೆಯಲ್ಲಿದೆ ಎಂದು ವಿನಯದಿಂದ ಹೇಳುವಷ್ಟು ತಿಳುವಳಿಕೆ ಹೊಂದಿರಬೇಕು.

ಚಿಲ್ಲರೆಯ ಬದಲು ಚಾಕೊಲೇಟು ಕೊಡುವ ಪದ್ಧತಿಯು ಮಕ್ಕಳ ವಿಷಯದಲ್ಲಿಯೇ ಹೆಚ್ಚು. ದೊಡ್ಡವರಾದರೆ ಕೇಳುತ್ತಾರೆ, ಮಗುವಾದರೆ ಸಂತೋಷಪಡುತ್ತದೆ! 2 ರೂಪಾಯಿಯ ಬದಲಿಗೆ ಸಿಕ್ಕಿದ ಚಾಕೊಲೇಟು ಉಡುಗೊರೆಯಲ್ಲ, ಕೇಳದೆ ಮಾಡಿಸಿದ ಖರೀದಿ ಎಂಬುದನ್ನು ಮಗುವಿಗೆ ತಿಳಿಸಿ ಹೇಳುವುದು ಅವಶ್ಯಕ. ಅಂಗಡಿಯವರಲ್ಲಿ ನಿಜವಾಗಿಯೂ ಚಿಲ್ಲರೆ ಇಲ್ಲದಿರಬಹುದು. ಆಗ ಬಾಕಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಬರುವುದು ಅಥವಾ ಆ ಮೊತ್ತಕ್ಕೆ ಮನೆಗೆ ಬೇಕಾದ ಬೇರೆ ವಸ್ತುವನ್ನು ಕೇಳಿ ಪಡೆಯುವುದು ಸೂಕ್ತ. ಚಿಲ್ಲರೆಯನ್ನು ಅಂಗಡಿಯ ಮುಂದೆಯೇ ಎಣಿಸುವುದನ್ನು ಮೊದಲ ದಿನದಿಂದಲೇ ರೂಢಿಸತಕ್ಕದ್ದು. ಹಿಂದೆ ಸಾಲಿನಲ್ಲಿ ನಿಂತವರು ಅವಸರಪಡಿಸಿದರೆ ಪಕ್ಕಕ್ಕೆ ಸರಿದು ಎಣಿಸಬಹುದು.

ನಿಗದಿತ ಮೊತ್ತ ಮತ್ತು ಮಗುವಿನ ತೀರ್ಮಾನ

ಮಗುವಿಗೆ ಹತ್ತು ಹನ್ನೊಂದು ವರ್ಷವಾಗುವ ವೇಳೆಗೆ ಒಂದೆರಡು ವಸ್ತುಗಳ ಬದಲು ಒಂದು ಸಣ್ಣ ಪಟ್ಟಿಯನ್ನೂ ನಿಗದಿತ ಮೊತ್ತವನ್ನೂ ಕೊಟ್ಟು ನೋಡಬಹುದು. ಉದಾಹರಣೆಗಾಗಿ ಮಾತ್ರ ಕೆಲವು ಬೆಲೆಗಳನ್ನು ಭಾವಿಸಿಕೊಳ್ಳೋಣ. ತೊಗರಿಬೇಳೆ ಅರ್ಧ ಕೆ.ಜಿ.ಗೆ 65 ರೂಪಾಯಿ, ಟೊಮೆಟೊ ಒಂದು ಕೆ.ಜಿ.ಗೆ 30, ಕೊತ್ತಂಬರಿ ಕಟ್ಟಿಗೆ 10, ಬಟ್ಟೆ ಸೋಪು ಎರಡಕ್ಕೆ 40, ನೋಟ್ ಪುಸ್ತಕಕ್ಕೆ 40. ಒಟ್ಟು 185 ರೂಪಾಯಿ. ಕೈಯಲ್ಲಿರುವುದು 200. ಆದರೆ ಅಂದು ಟೊಮೆಟೊ ಬೆಲೆ 50 ರೂಪಾಯಿಗೆ ಏರಿದ್ದರೆ ಒಟ್ಟು 205 ಆಗುತ್ತದೆ. 5 ರೂಪಾಯಿ ಸಾಲದು.

ಕಲಿಕೆ ಆರಂಭವಾಗುವುದು ಈ 5 ರೂಪಾಯಿಯಿಂದ. ಟೊಮೆಟೊವನ್ನು ಮುಕ್ಕಾಲು ಕೆ.ಜಿ. ತರಬಹುದು. ಸೋಪು ಒಂದನ್ನೇ ತರಬಹುದು. ಕೊತ್ತಂಬರಿಯನ್ನು ಬಿಡಬಹುದು. ಅಂದು ಹುಣಿಸೆಹಣ್ಣಿನ ಸಾರು ಮಾಡಿದರಾಯಿತೆಂದು ಟೊಮೆಟೊವನ್ನೇ ಬಿಟ್ಟು ಬಂದರೂ ತಪ್ಪೇನಿಲ್ಲ. ಇವುಗಳಲ್ಲಿ ಯಾವುದು ಸರಿ ಎಂಬುದಕ್ಕಿಂತ, ಅದನ್ನೇ ಏಕೆ ಆರಿಸಿಕೊಂಡೆ ಎಂಬ ಪ್ರಶ್ನೆಗೆ ಮಗುವಿನಲ್ಲಿ ಉತ್ತರವಿರುವುದು ಮುಖ್ಯ. ಉತ್ತರವಿದ್ದರೆ ಪೋಷಕರು ಅದನ್ನು ಒಪ್ಪಿಕೊಳ್ಳಬೇಕು. ಮನೆಗೆ ಬಂದ ಕೂಡಲೇ "ನಿನಗಿಷ್ಟೂ ತಿಳಿಯುವುದಿಲ್ಲವೇ" ಎಂದು ಗದರಿಸಿದಲ್ಲಿ ಮುಂದಿನ ಬಾರಿ ಮಗುವು ತಾನಾಗಿ ಏನನ್ನೂ ನಿರ್ಧರಿಸದೆ ಅಂಗಡಿಯಿಂದ ಫೋನ್ ಮಾಡಿ ಕೇಳುತ್ತದೆ.

ಮಗುವು ಬೇಳೆಯನ್ನು ಅರ್ಧಕ್ಕೆ ಇಳಿಸಿ ಬಿಸ್ಕತ್ತು ತಂದಿತೆಂದೇ ಇಟ್ಟುಕೊಳ್ಳಿ. ಬೈಯುವುದು ಸುಲಭ. ಮತ್ತೆ ಹಣ ಕೊಟ್ಟು ಬೇಳೆ ತರಿಸುವುದು ಅದಕ್ಕಿಂತಲೂ ಸುಲಭ. ಎರಡನ್ನೂ ಮಾಡದೆ, ತಂದಷ್ಟು ಬೇಳೆಯಲ್ಲಿಯೇ ಅಡುಗೆ ಮಾಡಿ ಎಲ್ಲರೂ ಊಟ ಮಾಡುವುದು ಉತ್ತಮ. ಅಂದಿನ ಸಾರು ತೆಳ್ಳಗಾಗಿದ್ದಕ್ಕೆ ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಕಡಿಮೆ ಮೊತ್ತದಲ್ಲಿ ಆಗುವ ಇಂತಹ ನಷ್ಟವನ್ನು ಪೋಷಕರು ಸಹಿಸಿಕೊಳ್ಳಲು ಸಿದ್ಧರಿರಬೇಕು. ಆದಕಾರಣ ಎಷ್ಟು ಹಣ ಪೋಲಾದರೂ ಮನೆಗೆ ತೊಂದರೆಯಾಗದು ಎಂಬುದನ್ನು ಮೊದಲು ತಮ್ಮಲ್ಲಿಯೇ ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಮಗುವಿನ ತೀರ್ಮಾನಕ್ಕೆ ಬಿಡತಕ್ಕದ್ದು. ಅದು 200 ರೂಪಾಯಿಯೇ ಆಗಬೇಕೆಂದಿಲ್ಲ, 20 ರೂಪಾಯಿಯಿಂದಲೂ ಇದನ್ನು ಕಲಿಸಬಹುದು.

ಊರ ಜಾತ್ರೆಯು ಇದಕ್ಕೆ ಒಳ್ಳೆಯ ಸಂದರ್ಭ. ಜಾತ್ರೆಗೆ ಹೊರಡುವ ಮುನ್ನ ಪ್ರತಿ ಮಗುವಿಗೂ ಇಂತಿಷ್ಟು ಎಂದು ಕೊಟ್ಟು, ಮತ್ತೆ ಕೇಳುವಂತಿಲ್ಲ ಎಂದು ಮೊದಲೇ ತಿಳಿಸಬೇಕು. ಮೊದಲ ಸಾಲಿನ ಅಂಗಡಿಯಲ್ಲಿಯೇ ಎಲ್ಲವನ್ನೂ ಖರ್ಚು ಮಾಡಿದ ಮಗುವು ತೇರಿನ ಬೀದಿಯ ಕೊನೆಯಲ್ಲಿ ಇನ್ನೂ ಚೆಂದದ ಆಟಿಕೆಯನ್ನು ಕಂಡು ಅಳುವುದು ಖಂಡಿತ. ಅಜ್ಜ ಅಜ್ಜಿಯರು ಆಗ ಸೆರಗಿನ ಗಂಟು ಬಿಚ್ಚದಂತೆ, ಜೇಬಿಗೆ ಕೈ ಹಾಕದಂತೆ ಅವರಿಗೂ ಮುಂಚಿತವಾಗಿ ಹೇಳಿಟ್ಟಿರುವುದು ಒಳಿತು. ಇಡೀ ಜಾತ್ರೆಯನ್ನು ಒಮ್ಮೆ ಸುತ್ತಿ ನೋಡಿ ನಂತರ ಕೊಳ್ಳಬೇಕೆಂಬುದನ್ನು ಆ ಮಗುವು ಮುಂದಿನ ವರ್ಷ ತಾನಾಗಿಯೇ ಮಾಡುತ್ತದೆ.

ಮನೆಯ ಹಣದ ಸ್ಥಿತಿಯನ್ನು ಮಕ್ಕಳಿಗೆ ಎಷ್ಟು ತಿಳಿಸಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಸಾಲಗಾರರ ಒತ್ತಡ, ಬಡ್ಡಿಯ ಚಿಂತೆ ಇವುಗಳನ್ನು ಮಗುವಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬಟವಾಡೆಯ ದಿನ ಬಂದ ಕೂಲಿಯಲ್ಲಿ ಮೊದಲು ಅಕ್ಕಿ, ಎಣ್ಣೆ, ಬೇಳೆ, ನಂತರ ಶಾಲೆಯ ಖರ್ಚು, ಆನಂತರ ಉಳಿದದ್ದು ಎಂಬ ಕ್ರಮವನ್ನು ಮಗುವು ಎದುರಿನಲ್ಲಿ ಕುಳಿತು ನೋಡುವುದರಿಂದ ಕೆಡುಕಿಲ್ಲ. "ದುಡ್ಡಿಲ್ಲ" ಎಂಬ ಒಂದೇ ಮಾತಿಗಿಂತ "ಈ ವಾರ ಅದಕ್ಕೆ ಹಣ ತೆಗೆದಿಟ್ಟಿಲ್ಲ, ಮುಂದಿನ ಸಂತೆಗೆ ನೋಡೋಣ" ಎಂಬ ಮಾತು ಮಗುವಿಗೆ ಬೇಗ ಅರ್ಥವಾಗುತ್ತದೆ. ಹಾಗೆ ಹೇಳಿದ ಮೇಲೆ ಮುಂದಿನ ಸಂತೆಯಲ್ಲಿ ನಿಜಕ್ಕೂ ನೋಡಬೇಕು.

ಸಂತೆ, ತೂಕ ಮತ್ತು ಕೊಸರು

ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ಮೆಟ್ರಿಕ್ ಮೇಳ ಅಥವಾ ಮಕ್ಕಳ ಸಂತೆಯನ್ನು ಏರ್ಪಡಿಸಲಾಗುತ್ತದೆ. ಮಕ್ಕಳೇ ತರಕಾರಿ, ಸೊಪ್ಪು, ತಿಂಡಿಗಳನ್ನು ತಂದು ತೂಗಿ ಮಾರಿ ಲೆಕ್ಕ ಒಪ್ಪಿಸುತ್ತಾರೆ. ಅಲ್ಲಿ ಮಾರುವವರಾಗಿ ಕಲಿತದ್ದನ್ನು ನಿಜವಾದ ಸಂತೆಯಲ್ಲಿ ಕೊಳ್ಳುವವರಾಗಿ ಉಪಯೋಗಿಸಲು ಪೋಷಕರು ಅವಕಾಶ ಮಾಡಿಕೊಡಬೇಕು.

ಸಂತೆಗೆ ಹೋದ ತಕ್ಷಣ ಕೊಳ್ಳದೆ ಮೂರು ಕಡೆ ಬೆಲೆ ವಿಚಾರಿಸುವುದು ಮೊದಲ ಕೆಲಸ. ಬೆಂಗಳೂರು, ಮೈಸೂರುಗಳಂತಹ ನಗರಗಳಲ್ಲಿ ಹಾಪ್‌ಕಾಮ್ಸ್ ಮಳಿಗೆಯ ದರಪಟ್ಟಿಯನ್ನು ಓದಿಕೊಂಡು ನಂತರ ಮಾರುಕಟ್ಟೆಯ ಬೆಲೆಯೊಂದಿಗೆ ಹೋಲಿಸಿ ನೋಡುವಂತೆ ಹೇಳಬಹುದು. ತಕ್ಕಡಿಯಾದರೆ ಎರಡೂ ತಟ್ಟೆಗಳು ಖಾಲಿಯಿದ್ದಾಗ ಸಮವಾಗಿರಬೇಕು. ತೂಕದ ಬಟ್ಟಿನ ಬದಲು ಕಲ್ಲನ್ನು ಇಟ್ಟು ತೂಗುವಂತಿಲ್ಲ. ವಿದ್ಯುನ್ಮಾನ ತಕ್ಕಡಿಯಾದರೆ ವಸ್ತುವನ್ನು ಇಡುವ ಮುನ್ನ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಬೇಕು. ಈ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಸತ್ಯಾಪನೆ ಮತ್ತು ಮುದ್ರೆ ಕಡ್ಡಾಯವಾಗಿರುತ್ತದೆ. ಮಿಠಾಯಿ ಅಂಗಡಿಯಲ್ಲಿ ರಟ್ಟಿನ ಡಬ್ಬದ ಸಹಿತ ತೂಗಿ ಸಿಹಿಯ ಬೆಲೆ ಪಡೆಯುವುದು ಸರಿಯಲ್ಲ. ಡಬ್ಬವನ್ನು ಬಿಟ್ಟು ನಿವ್ವಳ ತೂಕಕ್ಕೆ ಹಣ ಕೊಡಬೇಕೆಂಬುದನ್ನು ಹಬ್ಬದ ಮುನ್ನವೇ ಮಕ್ಕಳಿಗೆ ಹೇಳಿಕೊಡಿ.

ಹೂವಿನ ವಿಚಾರ ಸ್ವಲ್ಪ ಬೇರೆ. ಮೊಳ, ಮಾರು ಇವು ಕಾಯಿದೆಯು ಮಾನ್ಯ ಮಾಡಿರುವ ಅಳತೆಗಳಲ್ಲ. ಮೊಳದ ಉದ್ದವು ಅಳೆಯುವವರ ಕೈಯನ್ನು ಅವಲಂಬಿಸಿರುತ್ತದೆ. ಒಂದೇ ಬೆಲೆಗೆ ಇಬ್ಬರಲ್ಲಿ ಒಂದೊಂದು ಮೊಳ ಮಲ್ಲಿಗೆ ಕೊಂಡು ಮನೆಯಲ್ಲಿ ಅಳತೆಪಟ್ಟಿಯಿಂದ ಅಳೆದು ನೋಡಿದರೆ, ದೇಶದಲ್ಲಿ ಏಕರೂಪದ ಮೆಟ್ರಿಕ್ ಅಳತೆ ಏಕೆ ಬಂತೆಂಬುದು ಪಾಠವಿಲ್ಲದೆ ಅರ್ಥವಾಗುತ್ತದೆ. ಹೂವನ್ನು ಎಷ್ಟು ಒತ್ತಾಗಿ ಕಟ್ಟಿದ್ದಾರೆ ಎಂಬುದನ್ನೂ ನೋಡಬೇಕು. ಉದ್ದ ಹೆಚ್ಚಿದ್ದು ಹೂವು ವಿರಳವಾಗಿದ್ದರೆ ಲಾಭವಿಲ್ಲ.

ಚೌಕಾಸಿಯನ್ನು ಕಲಿಸಬೇಕೇ ಎಂದು ಕೇಳುವ ಪೋಷಕರಿದ್ದಾರೆ. ಕಲಿಸಬಹುದು, ಆದರೆ ಎಲ್ಲಿ ಎಂಬುದನ್ನೂ ಕಲಿಸಬೇಕು. ದೊಡ್ಡ ಮಳಿಗೆಯಲ್ಲಿ ಮರುಮಾತಿಲ್ಲದೆ ಹಣ ಕೊಟ್ಟು, ಬುಟ್ಟಿಯಲ್ಲಿ ಸೊಪ್ಪು ಹೊತ್ತು ತಂದ ಅಜ್ಜಿಯ ಬಳಿ 2 ರೂಪಾಯಿಗೆ ಜಗ್ಗಾಡುವುದನ್ನು ಮಗುವು ನಮ್ಮಿಂದಲೇ ಕಲಿಯುತ್ತದೆ. ಇನ್ನು ಕೊಸರಿನ ವಿಷಯ. ತೂಕವಾದ ಮೇಲೆ ಮಾರುವವರು ಕೈಯಾರೆ ಹಾಕುವ ನಾಲ್ಕು ಮೆಣಸಿನಕಾಯಿ, ಒಂದು ಎಳೆ ಕರಿಬೇವು ಅವರ ಔದಾರ್ಯ. ಕೊಸರು ಕೊಟ್ಟರೆ ಸಂತೋಷದಿಂದ ಪಡೆಯಬಹುದು, ಕೊಡದಿದ್ದರೆ ಆಕ್ಷೇಪಿಸುವಂತಿಲ್ಲ. ಸರಿಯಾದ ತೂಕ ಮಾತ್ರ ಹಾಗಲ್ಲ, ಅದು ಗ್ರಾಹಕರ ಹಕ್ಕು. ಕೊಸರು ಧಾರಾಳವಾಗಿ ಹಾಕಿ ತೂಕದಲ್ಲಿ ಕಡಿಮೆ ಮಾಡುವವರೂ ಇರುವುದರಿಂದ ಇವೆರಡನ್ನೂ ಬೇರೆಯಾಗಿ ನೋಡಲು ಮಗುವಿಗೆ ಬರಬೇಕು.

ನ್ಯಾಯಬೆಲೆ ಅಂಗಡಿಗೆ ಹೋಗುವಾಗಲೂ ಮಗುವನ್ನು ಜೊತೆಯಲ್ಲಿ ಕರೆದೊಯ್ಯಬಹುದು. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ 2023ರ ಜನವರಿಯಿಂದ ಆಹಾರಧಾನ್ಯವನ್ನು ಉಚಿತವಾಗಿ ನೀಡಲಾಗುತ್ತಿದೆ. ಉಚಿತವೆಂಬ ಕಾರಣಕ್ಕೆ ತೂಕ ನೋಡದೆ ಬರುವುದು ಸಲ್ಲದು. ಫಲಕದಲ್ಲಿ ಬರೆದಿರುವ ಪ್ರಮಾಣವನ್ನು, ರಸೀದಿಯಲ್ಲಿ ನಮೂದಾದ ಪ್ರಮಾಣವನ್ನು ಮತ್ತು ಚೀಲಕ್ಕೆ ಬಿದ್ದ ಪ್ರಮಾಣವನ್ನು ಮಗುವಿನಿಂದ ಓದಿಸಿ ತಾಳೆ ನೋಡಬೇಕು.

ಪೊಟ್ಟಣದ ಮೇಲಿನ ವಿವರಗಳು

ಪೊಟ್ಟಣ ಮಾಡಿದ ವಸ್ತುಗಳ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ಮತ್ತು ವಿಳಾಸ, ತಯಾರಿಸಿದ ತಿಂಗಳು ಮತ್ತು ವರ್ಷ, ದೂರಿಗಾಗಿ ಸಂಪರ್ಕ ವಿವರ ಮುಂತಾದವುಗಳನ್ನು ಮುದ್ರಿಸಬೇಕೆಂದು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು ವಿಧಿಸುತ್ತವೆ. ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲಾ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಪ್ರತ್ಯೇಕವಾಗಿ ತೆರಿಗೆ ಕೇಳುವಂತಿಲ್ಲ, ಹಾಲಿನ ಪೊಟ್ಟಣವನ್ನು ತಣ್ಣಗಿಟ್ಟಿದ್ದಕ್ಕೆ ಎಂದು ಹೆಚ್ಚು ಪಡೆಯುವಂತೆಯೂ ಇಲ್ಲ. ಗರಿಷ್ಠ ಬೆಲೆ ಎಂದರೆ ಅದಕ್ಕಿಂತ ಕಡಿಮೆಗೆ ಮಾರಬಹುದೆಂದೇ ಅರ್ಥ. ಮಕ್ಕಳು ತಾವೇ ಕೊಳ್ಳುವ ಪೆನ್ಸಿಲು, ರಬ್ಬರು, ನೋಟ್ ಪುಸ್ತಕಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಪೂರ್ಣವಾಗಿ ತೆಗೆದುಹಾಕಲಾಗಿದೆ.

ದೊಡ್ಡ ಪೊಟ್ಟಣ ಕೊಂಡರೆ ಅಗ್ಗ ಎಂಬ ನಂಬಿಕೆಯನ್ನು ಪರೀಕ್ಷಿಸಿ ನೋಡುವುದು ಮಕ್ಕಳಿಗೆ ಇಷ್ಟವಾಗುವ ಲೆಕ್ಕ. ಬಟ್ಟೆ ಒಗೆಯುವ ಪುಡಿಯ 500 ಗ್ರಾಂ ಪೊಟ್ಟಣಕ್ಕೆ 38 ರೂಪಾಯಿ, 1 ಕೆ.ಜಿ.ಗೆ 72 ರೂಪಾಯಿ, 4 ಕೆ.ಜಿ.ಗೆ 300 ರೂಪಾಯಿ ಎಂದುಕೊಂಡರೆ ಕೆ.ಜಿ.ಯೊಂದಕ್ಕೆ ಕ್ರಮವಾಗಿ 76, 72 ಮತ್ತು 75 ರೂಪಾಯಿ ಆಗುತ್ತದೆ. ಎಲ್ಲಕ್ಕಿಂತ ದೊಡ್ಡದು ಎಲ್ಲಕ್ಕಿಂತ ಅಗ್ಗವಾಗಲಿಲ್ಲ. ಶಾಂಪೂವಿನಂತಹ ಕೆಲವು ವಸ್ತುಗಳಲ್ಲಿ 1 ಅಥವಾ 2 ರೂಪಾಯಿಯ ಸ್ಯಾಷೆಯೇ ಬಾಟಲಿಗಿಂತ ಅಗ್ಗವಾಗಿ ಬೀಳುವುದೂ ಉಂಟು.

2021ರ ತಿದ್ದುಪಡಿಯ ಫಲವಾಗಿ ಈಗ ಪೊಟ್ಟಣದ ಮೇಲೆ ಪ್ರತಿ ಗ್ರಾಂ, ಕೆ.ಜಿ., ಮಿಲಿಲೀಟರ್ ಅಥವಾ ಲೀಟರಿನ ಬೆಲೆಯನ್ನೂ ಮುದ್ರಿಸಬೇಕಾಗಿರುತ್ತದೆ. ಇದು ಅನುಕೂಲವೇ ಆದರೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1 ಕೆ.ಜಿ.ಗಿಂತ ಕಡಿಮೆ ಇರುವ ಪೊಟ್ಟಣದ ಮೇಲೆ ಗ್ರಾಂ ಲೆಕ್ಕದಲ್ಲಿಯೂ, ಹೆಚ್ಚಿರುವ ಪೊಟ್ಟಣದ ಮೇಲೆ ಕೆ.ಜಿ. ಲೆಕ್ಕದಲ್ಲಿಯೂ ಬೆಲೆ ಇರುತ್ತದೆ ಮತ್ತು ಅದನ್ನು ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಲಾಗಿರುತ್ತದೆ. ಮೇಲಿನ ಉದಾಹರಣೆಯಲ್ಲಿ 500 ಗ್ರಾಂ ಪೊಟ್ಟಣದ ಗ್ರಾಂ ಬೆಲೆ 0.076 ರೂಪಾಯಿ. ಮುದ್ರಿತವಾಗುವುದು 0.08. ಅದನ್ನು 1000ದಿಂದ ಗುಣಿಸಿದರೆ 80 ರೂಪಾಯಿ ಬರುತ್ತದೆ, ನಿಜವಾದ ಬೆಲೆ 76. ಆದ್ದರಿಂದ ಅಗ್ಗದ ವಸ್ತುಗಳಲ್ಲಿ ಮುದ್ರಿತ ಅಂಕಿಯನ್ನಷ್ಟೇ ನೆಚ್ಚದೆ ಬೆಲೆಯನ್ನು ತೂಕದಿಂದ ಭಾಗಿಸಿ ನೋಡುವುದು ಒಳ್ಳೆಯದು. ಐದನೆಯ ತರಗತಿ ದಾಟಿದ ಮಗುವಿಗೆ ಇದು ಕಷ್ಟದ ಲೆಕ್ಕವಲ್ಲ. ಜೊತೆಗೆ ಒಂದು ಮಾತು: ಅಗ್ಗವೆಂದು ತಂದ ದೊಡ್ಡ ಪೊಟ್ಟಣವು ಬಳಸುವ ಅವಧಿ ಮೀರುವುದರೊಳಗೆ ಮುಗಿಯದಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಕಣ್ಣಿಗೆ ಕಾಣದ ಹಣ

2016ರಲ್ಲಿ ಯುಪಿಐ ವ್ಯವಸ್ಥೆ ಬಂದ ನಂತರ ಸೊಪ್ಪಿನ ಗಾಡಿಯಲ್ಲಿಯೂ ಕ್ಯೂಆರ್ ಕೋಡ್ ಕಾಣಿಸುತ್ತದೆ. ಇದರಿಂದ ಆಗಿರುವ ಅನುಕೂಲ ದೊಡ್ಡದು. ಆದರೆ ಮೊಬೈಲನ್ನು ಹಿಡಿದರೆ ಸಾಮಾನು ಬರುತ್ತದೆ ಎಂದಷ್ಟೇ ನೋಡಿ ಬೆಳೆಯುವ ಮಗುವಿಗೆ ಹಣ ಮುಗಿಯುತ್ತದೆ ಎಂಬುದು ಗೊತ್ತಾಗುವ ಬಗೆಯಿಲ್ಲ. ಮಕ್ಕಳು ಕಲಿಯುವಷ್ಟು ಕಾಲವಾದರೂ ಅವರ ಖರೀದಿಯನ್ನು ನಗದಿನಲ್ಲಿ ನಡೆಸುವುದು ಸೂಕ್ತವೆಂಬುದು ನಮ್ಮ ಸಲಹೆ. ಮೊಬೈಲಿನಿಂದ ಹಣ ಕೊಟ್ಟಾಗ ಖಾತೆಯಲ್ಲಿ ಉಳಿದ ಮೊತ್ತವನ್ನು ಮಗುವಿಗೆ ತೋರಿಸಬಹುದು. ಪಿನ್ ಸಂಖ್ಯೆಯನ್ನು ಮಾತ್ರ ಮಕ್ಕಳಿಗೆ ತಿಳಿಸಬಾರದು. ಹಣವನ್ನು ಪಡೆಯಲು ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ ಎಂಬುದನ್ನು ಮಕ್ಕಳೂ ಹಿರಿಯರೂ ತಿಳಿದಿರತಕ್ಕದ್ದು.

ಉಳಿದ ಹಣ

ಖರೀದಿಯಲ್ಲಿ ಮಗುವು ತನ್ನ ಜಾಣತನದಿಂದ ಉಳಿಸಿದ್ದರಲ್ಲಿ ಒಂದು ಪಾಲನ್ನು ಅದಕ್ಕೇ ಬಿಟ್ಟುಕೊಡುವುದು ನ್ಯಾಯ. ಹುಂಡಿಯಲ್ಲಿ ಸೇರಿದ ಹಣವನ್ನು ಬ್ಯಾಂಕಿಗೆ ಹಾಕಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ 2025ರ ಏಪ್ರಿಲ್ ತಿಂಗಳ ಸುತ್ತೋಲೆಯಂತೆ, 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ನಿಗದಿಪಡಿಸುವ ಮಿತಿ ಮತ್ತು ಷರತ್ತುಗಳಿಗೆ ಒಳಪಟ್ಟು ಉಳಿತಾಯ ಖಾತೆಯನ್ನು ತಾವೇ ತೆರೆದು ನಿರ್ವಹಿಸಬಹುದಾಗಿದೆ. ಅಂಚೆ ಕಚೇರಿಯಲ್ಲಿಯೂ ಈ ವಯಸ್ಸಿನ ಮಕ್ಕಳ ಹೆಸರಿನಲ್ಲಿ ಉಳಿತಾಯ ಖಾತೆಗೆ ಅವಕಾಶವಿದೆ. 10 ವರ್ಷದೊಳಗಿನ ಹೆಣ್ಣು ಮಗುವಿನ ಹೆಸರಿನಲ್ಲಿ ಪೋಷಕರು ತೆರೆಯಬಹುದಾದ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಬೇಕಾಗಿರುತ್ತದೆ.

ಮಕ್ಕಳನ್ನು ಕಳುಹಿಸಬಾರದ ಖರೀದಿಗಳು

ಬೀಡಿ, ಸಿಗರೇಟು ತರಲು ಮಕ್ಕಳನ್ನು ಕಳುಹಿಸಲೇಬಾರದು. ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನಗಳನ್ನು ಮಾರುವುದು ಅಪರಾಧವಾಗಿರುತ್ತದೆ. ವೈದ್ಯರ ಚೀಟಿಯ ಔಷಧಿಗಳನ್ನು ಹಿರಿಯರೇ ತರಬೇಕು.

ಉದ್ರಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. "ಅಮ್ಮ ಆಮೇಲೆ ಕೊಡುತ್ತಾರಂತೆ" ಎಂದು ಹೇಳಿ ಬರಲು ಮಗುವನ್ನು ಕಳುಹಿಸುವುದು ಸುಲಭವಾಗಿ ಕಾಣಬಹುದು, ಏಕೆಂದರೆ ಅಂಗಡಿಯವರು ಮಗುವಿಗೆ ಇಲ್ಲವೆನ್ನಲು ಹಿಂಜರಿಯುತ್ತಾರೆ. ಆದರೆ ಹಳೆಯ ಬಾಕಿಯ ಬಗ್ಗೆ ನಾಲ್ಕು ಜನರೆದುರು ಮಾತು ಕೇಳಬೇಕಾಗುವುದೂ ಆ ಮಗುವೇ. ಸಾಲ ಕೇಳುವ ಕೆಲಸವನ್ನು ದೊಡ್ಡವರೇ ಮಾಡತಕ್ಕದ್ದು. ಬಾಕಿ ತೀರಿಸುವಾಗ ಮಾತ್ರ ಮಗುವನ್ನು ಜೊತೆಗೆ ಕರೆದೊಯ್ದು, ಪುಸ್ತಕದಲ್ಲಿ ಬರೆದ ಮೊತ್ತವನ್ನು ಅದರಿಂದ ಓದಿಸಿ, ಹಣ ಕೊಟ್ಟು ಹೊಡೆದು ಹಾಕಿಸುವುದು ಒಳಿತು.

ರಸೀದಿ ಮತ್ತು ದೂರು

ಪ್ರತಿ ಖರೀದಿಗೂ ಬಿಲ್ಲು ಕೇಳಿ ಪಡೆಯುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಬೇಕು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ನೀಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ ಆಗಿರುತ್ತದೆ. ಕೊಂಡದ್ದು ಮಗುವೆಂಬ ಕಾರಣಕ್ಕೆ ದೂರು ನೀಡಲು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಅದು ತಪ್ಪು. ಗ್ರಾಹಕರು ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಅವರ ಪರವಾಗಿ ತಂದೆ ತಾಯಿ ಅಥವಾ ಕಾನೂನುಬದ್ಧ ಪೋಷಕರು ದೂರು ಸಲ್ಲಿಸಬಹುದೆಂದು ಇದೇ ಕಾಯಿದೆಯಲ್ಲಿ ಹೇಳಲಾಗಿದೆ.

ಮೊದಲು ಅಂಗಡಿಯವರಲ್ಲಿ ವಿಚಾರಿಸಿ, ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತೂಕ, ಅಳತೆ ಮತ್ತು ಗರಿಷ್ಠ ಮಾರಾಟ ಬೆಲೆಗೆ ಸಂಬಂಧಿಸಿದ ದೂರುಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಸ್ಥಳೀಯ ಕಚೇರಿಗೆ ನೀಡಬಹುದು. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದಾದರೆ, ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಯಾವುದೇ ಶುಲ್ಕವಿರುವುದಿಲ್ಲ. ವ್ಯಾಜ್ಯದ ಕಾರಣ ಉಂಟಾದ 2 ವರ್ಷಗಳ ಒಳಗೆ ದೂರನ್ನು ಸಲ್ಲಿಸತಕ್ಕದ್ದು. ದೂರಿನೊಂದಿಗೆ ಬಿಲ್ಲಿನ ಪ್ರತಿ, ಪೊಟ್ಟಣ ಅಥವಾ ಅದರ ಮೇಲಿನ ಮುದ್ರಿತ ವಿವರಗಳ ಭಾವಚಿತ್ರ, ಅಂಗಡಿಯ ಹೆಸರು ಮತ್ತು ವಿಳಾಸ, ಖರೀದಿಸಿದ ದಿನಾಂಕ ಇವುಗಳನ್ನು ಲಗತ್ತಿಸಬೇಕು.